ಹೊಗೆ ಹೊಡೆದು ಹೋದ ಮೇಲೆ ಡ್ರಮ್ಮಿನ ಮುಚ್ಚಳ ಯಾರು ಹಾಕಬೇಕು?

ಸರ್ಕಾರವೇ ಸೊಳ್ಳೆ ನಿಯಂತ್ರಣಕ್ಕೆ ಇಳಿದರೆ ಮನೆಯವರು ತಮ್ಮ ಎಚ್ಚರಿಕೆ ಕೈಬಿಡುತ್ತಾರಾ ಅಂತ ಕೇಳಿದ್ದೀರಿ. ಎಷ್ಟೋ ಸಲ ಬಿಡುತ್ತಾರೆ. ಆದರೆ ತಪ್ಪು ಅವರದು ಅಂತ ನನಗೆ ಅನಿಸುವುದಿಲ್ಲ.

ಸ್ವಯಂಸೇವಕಿಯಾಗಿ ಲಾರ್ವಾ, ಅಂದರೆ ನೀರಿನಲ್ಲಿ ಬೆಳೆಯುವ ಸೊಳ್ಳೆಯ ಮರಿಹುಳ, ಹುಡುಕುವ ಸಮೀಕ್ಷೆಗೆ ಮನೆಮನೆ ಸುತ್ತಿದವಳು ನಾನು. ಒಂದು ಮನೆಯಲ್ಲಿ ಡ್ರಮ್ಮಿನೊಳಗೆ ಬಗ್ಗಿ ಟಾರ್ಚ್ ಬಿಟ್ಟೆ. ನನ್ನ ನೆರಳು ಬಿದ್ದದ್ದೇ ತಡ, ನೀರಿನ ಮೇಲ್ಗಡೆ ನೇತಾಡುತ್ತಿದ್ದ ಹುಳಗಳೆಲ್ಲ ತಿರುಚಿಕೊಳ್ಳುತ್ತ ತಳಕ್ಕಿಳಿದವು. "ಇದಕ್ಕೆ ಮುಚ್ಚಳ ಹಾಕಿಡಿ ಅಮ್ಮಾ" ಅಂದೆ. "ಮೊನ್ನೆ ತಾನೇ ಹೊಗೆ ಹೊಡೆದು ಹೋದರಲ್ಲಮ್ಮ, ಇನ್ನೂ ಯಾಕೆ?" ಅಂದರು. ಅದು ಉಡಾಫೆಯ ಮಾತಲ್ಲ, ನಿಜವಾದ ಪ್ರಶ್ನೆ. ಹೊಗೆಗೆ ಸಾಯುವುದು ಆ ಹೊತ್ತಿಗೆ ಹಾರಾಡುತ್ತಿರುವ ಸೊಳ್ಳೆ ಮಾತ್ರ, ನೀರೊಳಗಿನ ಹುಳ ಅಲ್ಲ ಅಂತ ಅವರಿಗೆ ಯಾರೂ ಹೇಳಿರಲೇ ಇಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿತು ಹಾರಲು 7ರಿಂದ 10 ದಿನ ಸಾಕು. ಡ್ರಮ್ಮಿನ ಒಳಗೋಡೆಗೆ ಅಂಟಿದ ಮೊಟ್ಟೆಯಂತೂ ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಅದಕ್ಕೇ ನೀರು ಚೆಲ್ಲಿದರೆ ಸಾಲದು, ಗೋಡೆ ತಿಕ್ಕಿ ತೊಳೆಯಬೇಕು. ಅಷ್ಟು ಸದ್ದು, ಅಷ್ಟು ಹೊಗೆ ಕಂಡವರಿಗೆ ಕೆಲಸ ಮುಗಿಯಿತು ಅನಿಸಿದರೆ ಆಶ್ಚರ್ಯವೇನು?

ಇದು ಸೊಳ್ಳೆಗಷ್ಟೇ ಸಂಬಂಧಿಸಿದ್ದಲ್ಲ. ಫಿಲಿಪೀನ್ಸ್‌ನ ಸೆಬುವಿನಲ್ಲಿ ನಲ್ಲಿ ನೀರು ಬಂದ ಮೇಲೆ ಸುತ್ತಮುತ್ತಲ ನೈರ್ಮಲ್ಯ ಕೆಟ್ಟಿತು ಅಂತ 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ನೀರು ಶುದ್ಧವಾಗಿದೆ ಎಂಬ ಧೈರ್ಯ ಉಳಿದ ಎಚ್ಚರಿಕೆಯನ್ನು ಸಡಿಲಿಸಿತ್ತು.

ಆದರೆ ಕೆನ್ಯಾದಲ್ಲಿ ಗರ್ಭಿಣಿಯರಿಗೆ ಸೊಳ್ಳೆಪರದೆ ಕೊಟ್ಟು ನೋಡಿದಾಗ, ಪುಕ್ಕಟೆ ಪಡೆದವರು ದುಡ್ಡು ಕೊಟ್ಟವರಿಗಿಂತ ಕಡಿಮೆಯೇನೂ ಬಳಸಲಿಲ್ಲ. ಪರದೆ ಕೊಟ್ಟರೂ ಪ್ರತಿ ರಾತ್ರಿ ಅದನ್ನು ಇಳಿಬಿಡಬೇಕಾದವರು ಮನೆಯವರೇ. ನನ್ನ ಲೆಕ್ಕದಲ್ಲಿ ವ್ಯತ್ಯಾಸ ಇರುವುದು ಇಲ್ಲೇ: ಹೊಗೆ ಮನೆಯವರ ಕೈಯಿಂದ ಕೆಲಸ ಕಿತ್ತುಕೊಳ್ಳುತ್ತದೆ, ಪರದೆ ಕೈಗೆ ಕೆಲಸ ಕೊಡುತ್ತದೆ.

'ಜನ ಸೋಮಾರಿಗಳಾಗುತ್ತಾರೆ, ಕಾರ್ಯಕ್ರಮವೇ ಬೇಡ' ಅನ್ನುವವರ ಮಾತು ಕೇಳಿದರೆ ಮಾತ್ರ ನನಗೆ ಸಂಕಟವಾಗುತ್ತದೆ. ಶ್ರೀಲಂಕಾದಲ್ಲಿ 1963ರಲ್ಲಿ ಮಲೇರಿಯಾ ಪ್ರಕರಣ ಬರೀ 17ಕ್ಕೆ ಇಳಿದಿತ್ತು. ಔಷಧ ಸಿಂಪಡಣೆ ನಿಲ್ಲಿಸಿ, ಕಣ್ಗಾವಲು ಸಡಿಲಬಿಟ್ಟ ಮೇಲೆ 1968-69ರ ಹೊತ್ತಿಗೆ ಐದು ಲಕ್ಷಕ್ಕೂ ಹೆಚ್ಚು ಜನ ಜ್ವರದಿಂದ ನರಳಿದರು. ಮುಚ್ಚಳ ಹಾಕಿಸುವುದರ ಜೊತೆಗೆ ಸರ್ಕಾರದ ಕೆಲಸವೂ ನಡೆಯಬೇಕು.

ಆವತ್ತು ನಾನು ಟಾರ್ಚನ್ನು ಆ ಅಮ್ಮನ ಕೈಗೇ ಕೊಟ್ಟೆ. ಡ್ರಮ್ಮಿನಲ್ಲಿ ಹುಳ ನೋಡಿದವರು, ನಾನು ಹೇಳುವ ಮೊದಲೇ ಪಕ್ಕದ ಎರಡು ಬಕೆಟ್‌ಗಳಿಗೂ ಬೆಳಕು ಬಿಟ್ಟು ನೋಡಿದರು.