ಈರುಳ್ಳಿ ಕೊಟ್ಟು ಕೇಳುವ ಪ್ರಶ್ನೆಗಳು

ಹದಿಹರೆಯದ ಮಕ್ಕಳನ್ನು ಅಡುಗೆಮನೆಗೆ ಕರೆಯಿರಿ, ಮಾತು ತಾನಾಗಿ ಬರುತ್ತದೆ ಎಂಬ ಸಲಹೆ ಈಗ ಎಲ್ಲ ಕಡೆಯೂ ಸಿಗುತ್ತದೆ. ಆಪ್ತಸಲಹೆಗಾರ್ತಿಯಾದ ನಾನೂ ಆ ಸಲಹೆ ಕೊಡುವವಳೇ. ಆದರೆ ಅದನ್ನು ಪಾಲಿಸಿದ ಮೇಲೆ ಮಗ ಅಥವಾ ಮಗಳು ಇನ್ನಷ್ಟು ಮೌನವಾಗಿದ್ದಾರೆಂದು ದೂರುವ ಪೋಷಕರು ಮತ್ತೆ ಮತ್ತೆ ಬರುತ್ತಿರುವುದರಿಂದ, ಅಂಥ ಒಂದು ಪ್ರಕರಣವನ್ನು ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮನೆಯಲ್ಲಿ ಇಬ್ಬರೇ: ತಂದೆ ಮತ್ತು 15 ವರ್ಷದ ಮಗ. ಹುಡುಗ ಶಾಲೆಯಿಂದ ಬಂದು ಕೋಣೆ ಸೇರಿದರೆ ಊಟದ ತಟ್ಟೆಯನ್ನೂ ಒಳಗೇ ಒಯ್ಯುತ್ತಿದ್ದ. ಅವನ ನಿದ್ರೆ, ಹಸಿವು, ಓದು, ಗೆಳೆಯರ ಒಡನಾಟ ಯಾವುದರಲ್ಲೂ ಆತಂಕಪಡುವಂಥದ್ದು ಕಾಣಲಿಲ್ಲ. ತಂದೆ ರಜೆಯ ದಿನ ವಿಡಿಯೊ ನೋಡಿ, ದುಬಾರಿ ಸಾಮಗ್ರಿ ತಂದು, ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅಡುಗೆ ಮಾಡಲು ಶುರುಮಾಡಿದ್ದರು. ಕೆಲವು ವಾರಗಳಲ್ಲೇ ಮಗ ಆ ದಿನ ಮಾತ್ರ ಹಸಿವಿಲ್ಲ ಎನ್ನತೊಡಗಿದ್ದ.

ಇಬ್ಬರನ್ನೂ ಒಟ್ಟಿಗೆ ಕೂರಿಸಿದ ದಿನ ತಂದೆ ತಾವು ಪಟ್ಟ ಶ್ರಮವನ್ನೆಲ್ಲ ಹೇಳಿಕೊಂಡರು. ಅವರ ಮಾತು ಮುಗಿದ ಮೇಲೆ, ಅಡುಗೆ ಮಾಡುವುದು ಬೇಸರವೇ ಎಂದು ಹುಡುಗನನ್ನು ಕೇಳಿದೆ.

“ಅಡುಗೆ ಬೇಜಾರಿಲ್ಲ ಮೇಡಂ. ಅಪ್ಪ ಕೈಗೆ ಈರುಳ್ಳಿ ಕೊಟ್ರು ಅಂದ್ರೆ ಪ್ರಶ್ನೆ ಶುರು ಅಂತ ಅರ್ಥ. ಹೆಚ್ಚಿ ಮುಗಿಸೋದ್ರೊಳಗೆ ಮಾರ್ಕ್ಸು, ಫೋನು, ಫ್ರೆಂಡ್ಸು ಮೂರೂ ಆಗಿರುತ್ತೆ. ಅರ್ಧಕ್ಕೆ ಬಿಟ್ಟು ಹೋಗೋಕೂ ಆಗಲ್ಲ.”

“ಮತ್ತೆ ಯಾವಾಗ ಕೇಳಲಿ? ಬೇರೆ ಹೊತ್ತಲ್ಲಿ ನೀನು ಕೈಗೆ ಸಿಗ್ತೀಯಾ?” ಎಂದರು ತಂದೆ.

ಹುಡುಗ ಅದಕ್ಕೆ ಉತ್ತರಿಸಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ನನ್ನ ಕಡೆಗೇ ನೋಡುತ್ತ, “ಒಂದ್ಸಲ ನನ್ನಿಂದ ಸೀದು ಹೋಯ್ತು. ಇದಕ್ಕೆಷ್ಟು ದುಡ್ಡು ಕೊಟ್ಟಿದೀನಿ ಗೊತ್ತಾ ಅಂದ್ರು” ಎಂದ.

ಹೆಚ್ಚಿನವರು ಇಲ್ಲಿ ಮೊದಲ ಮಾತನ್ನೇ ಮುಖ್ಯವೆಂದು ಹಿಡಿಯುತ್ತಾರೆ. ನನಗೆ ಎರಡನೆಯದೂ ಅಷ್ಟೇ ಮುಖ್ಯವೆನ್ನಿಸಿತು, ಏಕೆಂದರೆ ಅಡುಗೆ ಅಗ್ಗವಾಗಿರಬೇಕೆಂದು ನಾನು ಹಟ ಹಿಡಿಯುವುದು ಕೇವಲ ಉಳಿತಾಯಕ್ಕಾಗಿ ಅಲ್ಲ. ಕಲಿಯುವವನ ಕೈಯಲ್ಲಿ ಪದಾರ್ಥ ಕೆಡುವುದು ಖಚಿತ. ಕೆಟ್ಟದ್ದು ಒಂದು ಹಿಡಿ ಬೇಳೆ ಅಥವಾ ಎರಡು ಮೊಟ್ಟೆಯಾದರೆ ಯಾರ ಮುಖವೂ ಸಪ್ಪಗಾಗುವುದಿಲ್ಲ, ಮರುದಿನ ಮತ್ತೆ ಮಾಡಬಹುದು. ದುಬಾರಿ ಸಾಮಗ್ರಿ ಒಲೆಯ ಮೇಲಿದ್ದಾಗ ದೊಡ್ಡವರು ಚಮಚ ಬಿಟ್ಟುಕೊಡುವುದಿಲ್ಲ, ಮಗುವಿಗೆ ಹೆಚ್ಚುವ, ತೊಳೆಯುವ ಕೆಲಸವಷ್ಟೇ ಉಳಿಯುತ್ತದೆ. ಸ್ವಾಯತ್ತತೆ, ಸಾಮರ್ಥ್ಯದ ಅನುಭವ ಮತ್ತು ಆಪ್ತತೆ ಈ ಮೂರೂ ಮನುಷ್ಯನ ಮೂಲ ಮಾನಸಿಕ ಅಗತ್ಯಗಳೆಂದು ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಪ್ರತಿಪಾದಿಸಿದ್ದಾರೆ. ಈ ತಂದೆ ಮೊದಲಿನೆರಡನ್ನು ತಮ್ಮ ಬಳಿಯೇ ಇಟ್ಟುಕೊಂಡು ಮಗನಿಂದ ಮೂರನೆಯದನ್ನು ಅಪೇಕ್ಷಿಸುತ್ತಿದ್ದರು.

ಹಾಗಾಗಿ ನಾನು ಕೊಟ್ಟ ಸಲಹೆ ತಂದೆಗೆ ತಲೆಕೆಳಗಾಗಿ ಕಂಡಿರಬೇಕು. ವಾರದ ಎರಡು ಮಾಮೂಲು ದಿನಗಳ ರಾತ್ರಿಯೂಟ ಮಗನದು. ಅಕ್ಕಿ, ಬೇಳೆ, ಆಲೂಗಡ್ಡೆ, ಮೊಟ್ಟೆಯಂಥ ಮನೆಯಲ್ಲಿರುವ ಪದಾರ್ಥಗಳ ಜೊತೆಗೆ, ಮೊದಲೇ ನಿಗದಿಯಾದ ಒಂದು ಸಣ್ಣ ಮೊತ್ತ ಅವನ ಕೈಯಲ್ಲಿರಬೇಕು. ಏನು ಮಾಡುವುದೆಂದು ಅವನೇ ತೀರ್ಮಾನಿಸಬೇಕು. ತಂದೆ ಅವನು ಹೇಳಿದ್ದನ್ನು ಹೆಚ್ಚಿಕೊಡುವ ಸಹಾಯಕ. ಆ ಹೊತ್ತಿನಲ್ಲಿ ಅಡುಗೆಗೆ ಸಂಬಂಧಪಡದ ಒಂದು ಪ್ರಶ್ನೆಯನ್ನೂ ತಂದೆ ಕೇಳುವಂತಿಲ್ಲ. ಅಂಕಗಳ ವಿಚಾರ ಕೇಳಲೇಬೇಕಿದ್ದರೆ ಬೇರೆ ಹೊತ್ತಿನಲ್ಲಿ, ಮುಂಚೆ ತಿಳಿಸಿ, ನೇರವಾಗಿ ಕೇಳಬೇಕು. ಮಗ ಮಾಡಿದ್ದರ ಫೋಟೊ ತೆಗೆದು ನೆಂಟರಿಗೆ ಕಳಿಸಬಾರದು. ಕೆಟ್ಟರೆ ಬ್ರೆಡ್ ತಿಂದು ಮಲಗಬಹುದು. ಅಪಾಯದ ವಿಷಯದಲ್ಲಿ ಮಾತ್ರ ತಂದೆ ಬಾಯಿ ಹಾಕಬಹುದು: ಎಣ್ಣೆಗೆ ಬೆಂಕಿ ಹೊತ್ತಿದರೆ ನೀರು ಸುರಿಯದೆ ಒಲೆ ಆರಿಸಿ ಮುಚ್ಚಳ ಮುಚ್ಚಬೇಕು, ಉಳಿದ ಅನ್ನವನ್ನು ಹೊರಗೆ ಬಿಡದೆ 2 ಗಂಟೆಯೊಳಗೆ ಫ್ರಿಜ್‌ನಲ್ಲಿಡಬೇಕು, ಏಕೆಂದರೆ ಕುದಿಸಿದರೂ ಸಾಯದ ಕೆಲವು ಬ್ಯಾಕ್ಟೀರಿಯಾ ಬೀಜಾಣುಗಳು ಅದರಲ್ಲಿ ಉಳಿದಿರಬಹುದು.

ಇದು ಆಪ್ತಸಲಹೆಯೋ ಅಡುಗೆ ತರಬೇತಿಯೋ ಎಂದು ನನ್ನ ವೃತ್ತಿಯವರೇ ಚುಚ್ಚಿದ್ದುಂಟು. ಜೊತೆಗೂಡಿ ಉಣ್ಣುವ ಕುಟುಂಬಗಳ ಮಕ್ಕಳು ಹೆಚ್ಚು ನೆಮ್ಮದಿಯಾಗಿರುತ್ತಾರೆಂದು ಅಧ್ಯಯನಗಳು ಹೇಳುತ್ತವೆ ಎಂಬುದನ್ನು ನಾನು ಸಮರ್ಥನೆಗೆ ಬಳಸುವುದಿಲ್ಲ. ನೆಮ್ಮದಿಯಿರುವ ಮನೆಯವರೇ ಜೊತೆಗೂಡಿ ಉಣ್ಣುತ್ತಿರಲೂಬಹುದು. ನನ್ನ ನಂಬಿಕೆ ಅದಕ್ಕಿಂತ ಚಿಕ್ಕದು. ಎದುರುಬದುರು ಕೂತು ಮಾತಾಡಲಾಗದ ವಯಸ್ಸಿನಲ್ಲಿ, ಇಬ್ಬರ ಕಣ್ಣೂ ಬೇರೊಂದು ಕೆಲಸದ ಮೇಲಿದ್ದರೆ ಬಾಯಿ ತುಸು ಹಗುರಾಗುತ್ತದೆ. ಆದರೆ ಅದು ನಿಜಕ್ಕೂ ಆಗಬೇಕಾದ ಕೆಲಸವಾಗಿರಬೇಕು. ನೆಪವಾಗಿದ್ದರೆ ಮಕ್ಕಳಿಗೆ ತಿಳಿದುಬಿಡುತ್ತದೆ, ಈ ಹುಡುಗನಿಗೆ ತಿಳಿದ ಹಾಗೆ.

ಕೆಲವು ವಾರಗಳ ನಂತರ ಬಂದ ತಂದೆ, “ಉಪ್ಪು, ಖಾರ ಬಿಟ್ಟು ಬೇರೆ ಏನೂ ಮಾತಾಡಲ್ಲ ಮೇಡಂ” ಎಂದು ನಿರಾಶೆಯಿಂದ ಹೇಳಿದರು. ಮೊದಲು ಉಪ್ಪು, ಖಾರದ ಮಾತೂ ಇರಲಿಲ್ಲವೆಂದು ನೆನಪಿಸಿದೆನೇ ಹೊರತು ಸಲಹೆಯನ್ನು ಬದಲಿಸಲಿಲ್ಲ. ಮುಂದಿನ ಭೇಟಿಯಲ್ಲಿ ತಿಳಿದದ್ದು: ಬೇಳೆ ನೆನೆಹಾಕಲು ಮರೆತು, ಅದು ಬೇಯುವುದನ್ನು ಕಾಯುತ್ತಿದ್ದ ರಾತ್ರಿ, ತನಗೆ ಬೇಕಾದ ವಿಷಯ ಬೇರೆ, ತಾನು ಓದುತ್ತಿರುವುದು ಬೇರೆ ಎಂದು ಮಗ ಹೇಳಿದ್ದನಂತೆ. ತಂದೆಗೆ ಅದು ಹಿಡಿಸಿಲ್ಲ. ಆ ಚರ್ಚೆ ಇನ್ನೂ ನಡೆಯುತ್ತಿದೆ, ಅದರಲ್ಲಿ ನಾನು ಯಾರ ಪಕ್ಷವನ್ನೂ ವಹಿಸಿಲ್ಲ.

ಇದನ್ನು ಓದಿ ಎಲ್ಲರೂ ಮಕ್ಕಳ ಕೈಗೆ ಒಲೆ ಕೊಡಬೇಕೆಂದಿಲ್ಲ. ತೂಕ ಬೇಗನೆ ಇಳಿಯುತ್ತಿರುವ, ಊಟ ತಪ್ಪಿಸಲು ಕಾರಣ ಹುಡುಕುವ, ಉಂಡೊಡನೆ ಬಚ್ಚಲಿಗೆ ಹೋಗುವ, ಇತರರಿಗೆ ಉತ್ಸಾಹದಿಂದ ಮಾಡಿ ಬಡಿಸಿ ತಾವು ಮುಟ್ಟದಿರುವ ಮಕ್ಕಳಲ್ಲಿ ಆಹಾರಕ್ಕೆ ಸಂಬಂಧಿಸಿದ ಮಾನಸಿಕ ಕಾಯಿಲೆ ಇರಬಹುದು. ಅಲ್ಲಿ ಮೊದಲು ವೈದ್ಯರನ್ನೂ ಮನೋವೈದ್ಯರನ್ನೂ ಕಾಣಬೇಕು. ಅಡುಗೆಯ ವಿಚಾರ ಅವರು ಒಪ್ಪಿದ ಮೇಲಷ್ಟೇ.