ಸಿಂಗಪುರದ ಕೊನೆಯ ಎರಡು ದಿನ ಅತ್ತೆಯಿಂದ ಮುಚ್ಚಿಟ್ಟ ಸುದ್ದಿ

ಪ್ರಶ್ನೆ: ನಾನು ಶಿರಸಿ ಹತ್ತಿರದ ಹಳ್ಳಿಯವಳು. ಮೇ ತಿಂಗಳಲ್ಲಿ ನಾನು, ನನ್ನವರು, ಹೈಸ್ಕೂಲಿಗೆ ಹೋಗುವ ಮಗ, ಅತ್ತೆ ನಾಲ್ಕೂ ಜನ ಮಲೇಷ್ಯಾ-ಸಿಂಗಪುರ ಪ್ಯಾಕೇಜ್ ಟೂರಿಗೆ ಹೋಗಿದ್ದೆವು. ಅತ್ತೆಗೆ ಅರವತ್ತೆಂಟು ವರ್ಷ, ಬಿಪಿ ಇದೆ. ಅವರು ವಿಮಾನ ಹತ್ತಿದ್ದೇ ಅದು ಮೊದಲು. ಕ್ವಾಲಾಲಂಪುರದ ಬಾತು ಗುಹೆಯ 272 ಮೆಟ್ಟಿಲನ್ನೂ ಅಲ್ಲಲ್ಲಿ ಕೂತು ಹತ್ತಿ ಮುಗಿಸಿದ್ದರು. ಸಿಂಗಪುರದಲ್ಲಿ ಇನ್ನೆರಡು ದಿನ ಇದೆ ಎನ್ನುವಾಗ ಗುರುವಾರ ಬೆಳಿಗ್ಗೆ ಅಂಕೋಲೆ ಕಡೆಯಿಂದ ಫೋನ್ ಬಂತು. ಅತ್ತೆಯ ಒಬ್ಬನೇ ತಮ್ಮ ರಾತ್ರಿ ಎದೆನೋವು ಬಂದು ತೀರಿಕೊಂಡಿದ್ದರು. 'ಅತ್ತೆಗೆ ಈಗಲೇ ಹೇಳಬೇಡಿ, ಗಾಬರಿಯಾದಾರು' ಎಂದು ಆ ತಮ್ಮನ ಮಗನೇ ಫೋನಿನಲ್ಲಿ ಹೇಳಿದ. ಗುಂಪಿನ ಟಿಕೆಟ್, ಬದಲಾಯಿಸಲು ಬರುವುದಿಲ್ಲ, ಬಂದರೂ ಮುಖ ಸಿಗುವುದಿಲ್ಲ ಎಂದು ನನ್ನವರು ಊರು ಮುಟ್ಟುವವರೆಗೆ ಹೇಳುವುದು ಬೇಡ ಎಂದರು. ನಾನು ಒಪ್ಪಿದೆ. ಆ ಎರಡು ದಿನ ಅತ್ತೆ ಸೆಂಟೋಸಾದ ಕೇಬಲ್ ಕಾರಿನಲ್ಲಿ ನಕ್ಕರು, ಸೆರಂಗೂನ್ ರಸ್ತೆಯ ಕಾಳಿ ದೇವಸ್ಥಾನದಲ್ಲಿ ದೀಪ ಹಚ್ಚಿದರು, ತಮ್ಮನ ಮೊಣಕಾಲಿಗೆಂದು ಟೈಗರ್ ಬಾಮ್ ಕೊಂಡರು. ಅವನಿಗೊಂದು ಫೋನ್ ಮಾಡಿಕೊಡು ಎಂದಾಗ ನನ್ನವರು 'ಮಾವ ತೋಟಕ್ಕೆ ಹೋಗಿದ್ದಾನಂತೆ' ಎಂದುಬಿಟ್ಟರು. ಭಾನುವಾರ ಬೆಳಿಗ್ಗೆ ಶಿರಸಿಯಲ್ಲಿ ಬಸ್ಸಿಳಿದು ಮನೆ ಮುಟ್ಟಿದಾಗ, ನಾವು ಹೇಳುವ ಮೊದಲೇ, ಪಕ್ಕದ ಮನೆಯವರು 'ತಮ್ಮನ ಸುದ್ದಿ ಕೇಳಿ ಬೇಜಾರಾತು' ಎಂದರು. ಅತ್ತೆ ತವರಿಗೆ ಹೋಗಿ ಕಾರ್ಯವೆಲ್ಲ ಮುಗಿಸಿ ಬಂದಿದ್ದಾರೆ. ಈಗ ಮಗನ ಹತ್ತಿರ ಮೊದಲಿನಂತೆ ಮಾತಾಡುತ್ತಾರೆ. ನನ್ನ ಹತ್ತಿರ ಮಾತಿಲ್ಲ, ನಾನು ಮಾಡಿದ ಕಷಾಯ ಕುಡಿಯುವುದಿಲ್ಲ. ಒಮ್ಮೆ ಮಾತ್ರ 'ನೀನಾದ್ರೂ ಹೇಳಕಾಗಿತ್ತು' ಎಂದರು. ಸೂತಕದಲ್ಲಿ ದೇವಸ್ಥಾನದ ಒಳಗೆ ಹೋದೆ ಎಂದು ಒಬ್ಬರೇ ಹೇಳಿಕೊಂಡು ಅಳುತ್ತಾರೆ. ದಹನದ ದಿನವೇ ನನ್ನ ಮಗ ಕೇಬಲ್ ಕಾರಿನ ಫೋಟೋ ಸ್ಟೇಟಸ್‌ಗೆ ಹಾಕಿದ್ದನ್ನು ನೆಂಟರೆಲ್ಲ ನೋಡಿ ಆಡಿಕೊಂಡಿದ್ದಾರೆ. ನಿರ್ಧಾರ ನನ್ನದಲ್ಲ, ಅವರ ಮಗನದು ಎಂದು ಹೇಳಿಬಿಡಲೇ? ಬಾಮ್ ಡಬ್ಬಿ ಅವರ ತಲೆದಿಂಬಿನ ಪಕ್ಕದಲ್ಲೇ ಇದೆ. ಅದನ್ನೂ ಫೋಟೋಗಳನ್ನೂ ಕಣ್ಣಿಗೆ ಬೀಳದಂತೆ ಎತ್ತಿಡಲೇ?

— ಹೆಸರು ಬೇಡ, ಶಿರಸಿ ತಾಲೂಕು

ಉತ್ತರ: ನೇರವಾಗಿ ಹೇಳುತ್ತೇನೆ. ನಿಮ್ಮ ಅತ್ತೆಗೆ ಗುರುವಾರವೇ ಹೇಳಬೇಕಿತ್ತು. ನಿಮ್ಮ ಮೇಲಿನ ಸಿಟ್ಟಿನಿಂದ ಹೀಗೆನ್ನುತ್ತಿಲ್ಲ. ಪರದೇಶ, ಬಿಪಿ ಇರುವ ಹಿರಿಯರು, ಜೊತೆಗೆ ಮಗು, ಕೈಯಲ್ಲಿ ಗುಂಪಿನ ಟಿಕೆಟ್ಟು. ಆ ಬೆಳಿಗ್ಗೆ ಹೋಟೆಲಿನ ಕೋಣೆಯಲ್ಲಿ ನಿಮ್ಮಿಬ್ಬರಿಗೆ ಕೈಕಾಲು ಆಡದಂತಾಗಿದ್ದು ನನಗೆ ಅರ್ಥವಾಗುತ್ತದೆ. ಆದರೂ ನಡೆದದ್ದು ತಪ್ಪು ಎಂದು ಮೊದಲು ನಿಮಗೇ ಸ್ಪಷ್ಟವಾಗದಿದ್ದರೆ, ನೀವು ಅತ್ತೆಯ ಮುಂದೆ ಹೋಗಿ ಕೂತರೂ ಬಾಯಿಗೆ ಬರುವುದು ಸಮಜಾಯಿಷಿಯೇ. ಅದನ್ನು ಅವರು ಈಗಾಗಲೇ ಬೇಕಾದಷ್ಟು ಕೇಳಿದ್ದಾರೆ.

ನಿಮ್ಮವರ ಲೆಕ್ಕ ತಪ್ಪಾಗಿರಲಿಲ್ಲ. ಸಿಂಗಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಮುಂದೆ. ಅಲ್ಲಿ ಒಂಬತ್ತೂವರೆ ಎಂದರೆ ಇಲ್ಲಿ ಬೆಳಿಗ್ಗೆ ಏಳು. ಆಗಲೇ ವಿಮಾನ ಸಿಕ್ಕಿತೆಂದೇ ಇಟ್ಟುಕೊಳ್ಳಿ, ಬೆಂಗಳೂರಿಗೆ ನಾಲ್ಕೂವರೆ ತಾಸು, ಅಲ್ಲಿಂದ ಶಿರಸಿಗೆ 400 ಕಿಲೋಮೀಟರ್ ಆಸುಪಾಸು, ಆಮೇಲೆ ಘಟ್ಟ ಇಳಿಯಬೇಕು. ಮೇ ತಿಂಗಳ ಕರಾವಳಿ ಸೆಕೆಯಲ್ಲಿ ಯಾರೂ ಅಷ್ಟು ಹೊತ್ತು ಕಾಯುವುದಿಲ್ಲ. ಮುಖ ಸಿಗುತ್ತಿರಲಿಲ್ಲ, ನಿಜ. ಆದರೆ ಅದು ಊರು ತಲುಪುವ ಲೆಕ್ಕ. ತಮ್ಮ ಹೋದ ಎಂದು ಅಕ್ಕನಿಗೆ ತಿಳಿಯಲು ಟಿಕೆಟ್ ಬೇಕಿರಲಿಲ್ಲ. ತಲುಪಲು ಆಗುವುದಿಲ್ಲ, ಹಾಗಾಗಿ ಹೇಳುವುದೂ ಬೇಡ ಎಂದು ನೀವು ಎರಡನ್ನೂ ಒಟ್ಟಿಗೆ ಕಟ್ಟಿಹಾಕಿದಿರಿ. ಅಲ್ಲೇ ಎಡವಿದ್ದು.

ಹೇಳಿದ್ದರೆ ಏನಾಗುತ್ತಿತ್ತು? ಅಳುತ್ತಿದ್ದರು. ಬೆಳಗಿನ ತಿಂಡಿ, ಮಾತ್ರೆ ಎಲ್ಲ ಆದಮೇಲೆ, ಮಗ ಒಂದು ಕಡೆ ನೀವು ಒಂದು ಕಡೆ ಕೂತು ಹೇಳಿದ್ದರೆ, ಅತ್ತು, ತಲೆಮೇಲೆ ನೀರು ಹಾಕಿಕೊಂಡು ಬರುತ್ತಿದ್ದರು. ತಮ್ಮನ ಹೆಂಡತಿಗೆ ಫೋನ್ ಮಾಡಿ ಇಬ್ಬರೂ ಮತ್ತೊಮ್ಮೆ ಅಳುತ್ತಿದ್ದರು. ಬೇಕೆಂದರೆ ವಿಡಿಯೋ ಕರೆಯಲ್ಲಿ ಕೊನೆಯದಾಗಿ ಮುಖವನ್ನಾದರೂ ನೋಡುತ್ತಿದ್ದರು. ಆಮೇಲೆ 'ನೀವು ಹೋಗಿ ಬನ್ನಿ, ಮಗುವಿಗೆ ಬೇಜಾರಾಗುವುದು ಬೇಡ, ನಾನು ಇಲ್ಲೇ ಇರುತ್ತೇನೆ' ಎಂದು ಕೋಣೆಯಲ್ಲೇ ಕೂರುತ್ತಿದ್ದರೋ ಏನೋ. ಅರವತ್ತೆಂಟರ ಹೆಂಗಸು ಜೀವನದಲ್ಲಿ ಎಷ್ಟು ಸಾವು ನೋಡಿರುತ್ತಾರೆ! ನಿಮಗಿಂತ ನನಗಿಂತ ಗಟ್ಟಿ ಅವರು. ಬಿಪಿಯ ಭಯ ಸುಳ್ಳಲ್ಲ. ಅದಕ್ಕೆ ಹೇಳುವ ರೀತಿಯಲ್ಲಿ ಜೋಪಾನ ಬೇಕಿತ್ತು. ಕೊನೆಗೆ ಅದೇ ಬಿಪಿ ಇರುವವರು ರಾತ್ರಿಯಿಡೀ ಬಸ್ಸಿನಲ್ಲಿ ಬಂದು, ಹೊಟ್ಟೆಯಲ್ಲಿ ಏನೂ ಇಲ್ಲದೆ, ಅಂಗಳದಲ್ಲಿ ನಿಂತು ಪಕ್ಕದ ಮನೆಯವರ ಬಾಯಿಂದ ಕೇಳಬೇಕಾಯಿತಲ್ಲ.

ಮುಖ ಸಿಗದ ನೋವು ಅವರಿಗೆ ಇದ್ದೇ ಇದೆ. ಆದರೆ ಅವರು ಮಾತು ಬಿಟ್ಟದ್ದು ಅದಕ್ಕಲ್ಲ ಎಂದು ನನ್ನ ಎಣಿಕೆ. ಅವರು ಈಗ ಆ ಎರಡು ದಿನಗಳನ್ನು ಗಳಿಗೆ ಗಳಿಗೆಯಾಗಿ ಮತ್ತೆ ಎಣಿಸುತ್ತಿರಬೇಕು. ಕೇಬಲ್ ಕಾರಿನಲ್ಲಿ ಕೆಳಗೆ ನೋಡಿ ಹೆದರಿ ನಿಮ್ಮ ಕೈ ಹಿಡಿದುಕೊಂಡಾಗ ನಿಮಗೆ ಗೊತ್ತಿತ್ತು. ಬಾಮಿನ ಅಂಗಡಿಯಲ್ಲಿ 'ಇದು ಮೊಣಕಾಲಿಗೆ ಆಗ್ತದಾ ಕೇಳು' ಎಂದಾಗ ನಿಮಗೆ ಗೊತ್ತಿತ್ತು. ಸುತ್ತಲಿನವರಿಗೆಲ್ಲ ಗೊತ್ತಿದ್ದು ತನಗೊಬ್ಬಳಿಗೇ ಗೊತ್ತಿಲ್ಲದೆ ನಕ್ಕೆನಲ್ಲ ಎನ್ನುವ ನಾಚಿಕೆ ಇದೆಯಲ್ಲ, ಅದು ಸಾವಿನ ದುಃಖಕ್ಕಿಂತ ಬೇರೆ. ದುಃಖವಾದರೆ ನಾಲ್ಕು ಜನರ ಮುಂದೆ ಅತ್ತು ಹಗುರ ಮಾಡಿಕೊಳ್ಳಬಹುದು. ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಸಿಟ್ಟು ನಿಮ್ಮ ಮೇಲೇ ಯಾಕೆ ಎಂದು ನೀವು ಬಾಯಿಬಿಟ್ಟು ಕೇಳಿಲ್ಲ. ಪತ್ರದ ತುಂಬ ಅದೇ ಇದೆ. ಮಗನ ಮೇಲೆ ಮುನಿಸಿಕೊಂಡು ಬದುಕುವ ಶಕ್ತಿ ಅವರಿಗಿಲ್ಲ, ಅದು ಒಂದು. ಇನ್ನೊಂದು, ಆ ಏಳೆಂಟು ದಿನ ಬಟ್ಟೆ, ಮಾತ್ರೆ, ಊಟ, ಮೆಟ್ಟಿಲು ಎಲ್ಲಕ್ಕೂ ಅವರ ಜೊತೆಗಿದ್ದವರು ನೀವೇ ಇರಬೇಕು. ತವರಿನವರ ಸಾವು ಹೆಣ್ಣಿಗೆ ಏನು ಎಂಬುದು ಇನ್ನೊಂದು ಹೆಣ್ಣಿಗೆ ಬಿಡಿಸಿ ಹೇಳಬೇಕಾಗಿಲ್ಲ ಎಂದು ಅವರು ನಂಬಿದ್ದರು. 'ನೀನಾದ್ರೂ' ಎಂದದ್ದು ಆ ನಂಬಿಕೆಯಿಂದಲೇ. ಪ್ರತಿ ಬೇಸಿಗೆಗೆ ಅಂಕೋಲೆಯಿಂದ ಕರಿ ಇಶಾಡು ಮಾವಿನಹಣ್ಣಿನ ಚೀಲ ಹೊತ್ತು ಘಟ್ಟ ಹತ್ತಿ ಬರುವ ತಮ್ಮ, ಹಬ್ಬಕ್ಕೆ ಅಕ್ಕನನ್ನು ಕರೆಯಲು ಬಾಗಿಲಿಗೆ ಬರುವ ತಮ್ಮ, ನಮ್ಮ ಕಡೆ ಹೆಣ್ಣುಮಕ್ಕಳಿಗೆ ತವರೆಂದರೆ ತಂದೆ ತಾಯಿ ಹೋದಮೇಲೆ ಅವನೇ ಅಲ್ಲವೇ? ನಿಮಗೂ ಒಬ್ಬ ಅಣ್ಣನೋ ತಮ್ಮನೋ ಇದ್ದಾನು.

ಇನ್ನು ನಿಮ್ಮ ಮೊದಲ ಪ್ರಶ್ನೆ. ನಿರ್ಧಾರ ಅವರ ಮಗನದು ಎಂದು ನೀವು ಹೇಳಬೇಡಿ. ನೀವು ಹೇಳಿದರೆ ಅದು ಚಾಡಿಯಾಗುತ್ತದೆ, ಮಗ ಹೇಳಿದರೆ ಮಾತ್ರ ನಿಜವಾಗುತ್ತದೆ. ಆದ್ದರಿಂದ ಅವರೇ ಹೇಳಬೇಕು. ಈ ವಿಷಯದಲ್ಲಿ ನನಗೆ ನಿಮ್ಮವರ ಮೇಲೆ ಬೇಸರವಿದೆ. ತಾವು ಮಾಡಿದ ತೀರ್ಮಾನಕ್ಕೆ ಹೆಂಡತಿ ತಿಂಗಳುಗಟ್ಟಲೆ ಮಾತಿಲ್ಲದ ಮನೆಯಲ್ಲಿ ಬೇಯುತ್ತಿರುವುದನ್ನು ನೋಡಿಯೂ ಅವರು ಸುಮ್ಮನಿದ್ದಾರೆ. ಎಷ್ಟೋ ಮನೆಗಳಲ್ಲಿ ಮಗನ ತಪ್ಪನ್ನು ಸೊಸೆ ಹೊರುತ್ತಾಳೆ, ಅದು ಹಾಗೇ ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ. ನೀವು ಒಪ್ಪಬೇಡಿ. 'ಮಾವ ತೋಟಕ್ಕೆ ಹೋಗಿದ್ದಾನಂತೆ' ಎಂದದ್ದು ಅವರ ಬಾಯಿ. ಸುದ್ದಿ ಹೇಳದೆ ಉಳಿದದ್ದು ಒಂದು, ಸತ್ತವನು ತೋಟದಲ್ಲಿದ್ದಾನೆ ಎಂದು ಹೆತ್ತ ತಾಯಿಗೆ ಹೇಳಿದ್ದು ಅದಕ್ಕಿಂತ ದೊಡ್ಡದು. ಮೊದಲು ಕ್ಷಮೆ ಕೇಳಬೇಕಾದದ್ದು ಆ ಒಂದು ಮಾತಿಗೆ.

ಆದರೆ ಅವರನ್ನು ಜಗಳದ ದನಿಯಲ್ಲಿ ಕಳಿಸಬೇಡಿ. ತೀರಿಕೊಂಡವರು ಅವರ ಸೋದರಮಾವ. ಉಪನಯನದಲ್ಲಿ, ಮದುವೆಯಲ್ಲಿ ಪಕ್ಕದಲ್ಲಿ ನಿಂತವರು. ಆ ಸುದ್ದಿಯನ್ನು ಎದೆಯಲ್ಲಿಟ್ಟುಕೊಂಡು ಎರಡು ದಿನ ಫೋಟೋ ತೆಗೆದರು, ಲಗೇಜು ಎತ್ತಿದರು, ಗೈಡಿನ ಹಿಂದೆ ನಡೆದರು. ಅವರು ಅತ್ತದ್ದನ್ನು ನೀವು ಬರೆದಿಲ್ಲ. ಅವರನ್ನು ಯಾರಾದರೂ 'ನಿನಗೆ ಹ್ಯಾಂಗಾತು' ಎಂದು ಕೇಳಿದ್ದಾರೆಯೇ? ನೀವು ಕೇಳಿ. ಆಮೇಲೆ ಅವರು ತಾಯಿಯ ಹತ್ತಿರ ಹೋಗಿ ಕೂರಲಿ. ಆ ಹೊತ್ತಿಗೆ ನೀವು ಅಲ್ಲಿರಬೇಡಿ. ತಾಯಿ ಮಗ ಇಬ್ಬರೂ ಒಂದೇ ಮನುಷ್ಯನನ್ನು ಕಳೆದುಕೊಂಡಿದ್ದಾರೆ, ಒಟ್ಟಿಗೆ ಕೂತು ಒಮ್ಮೆಯೂ ಅತ್ತಿಲ್ಲ.

ನಿಮ್ಮ ಪಾಲಿನ ಮಾತು ಬೇರೆ. ಅದನ್ನು ನೀವು ಬೇರೆಯಾಗಿಯೇ ಆಡಬೇಕು. ಗಂಡನ ಮಾತು ಆಗಲಿ ಎಂದು ಕಾಯುತ್ತ ಕೂರಬೇಡಿ. ನಿಮ್ಮ ಮನೆಮಾತಿನಲ್ಲೇ ಹೇಳಿ: 'ಅತ್ತೆ, ಗುರುವಾರ ಬೆಳಿಗ್ಗೆಯೇ ನನಗೆ ಗೊತ್ತಾಗಿತ್ತು. ನೀವು ಬಾಮ್ ತೆಗೆದುಕೊಳ್ಳುವಾಗ ಗೊತ್ತಿತ್ತು, ದೀಪ ಹಚ್ಚುವಾಗ ಗೊತ್ತಿತ್ತು. ಹೇಳದೆ ಹೋದದ್ದು ನನ್ನ ತಪ್ಪು.' ಅಷ್ಟೇ. ಟಿಕೆಟ್ಟು, ಬಿಪಿ, ಮಗು, ಅವರ ತಮ್ಮನ ಮಗ ಹೇಳಬೇಡ ಎಂದದ್ದು, ಯಾವುದನ್ನೂ ಸೇರಿಸಬೇಡಿ. ಅವರು ಬೈದರೆ ಬೈಸಿಕೊಳ್ಳಿ. ಎದ್ದು ಹೋದರೆ ಹಿಂದೆ ಹೋಗಬೇಡಿ. ಆಮೇಲೆ ಯಾವತ್ತೋ ಒಂದು ದಿನ ಅವರೇ ಕೇಳಲು ಶುರುಮಾಡುತ್ತಾರೆ: ಫೋನ್ ಎಷ್ಟು ಹೊತ್ತಿಗೆ ಬಂತು, ನಾನು ಆಗ ಎಲ್ಲಿದ್ದೆ, ದಹನ ಎಷ್ಟು ಹೊತ್ತಿಗಾಯಿತು, ಆಗ ನಾನು ಏನು ಮಾಡುತ್ತಿದ್ದೆ. ಎಷ್ಟು ಸಲ ಕೇಳಿದರೂ ಇದ್ದದ್ದು ಇದ್ದಹಾಗೆ ಹೇಳಿ. ನಿಮಗೆ ಹಿಂಸೆಯಾಗುತ್ತದೆ. ಆದರೂ ಒಂದು ಗಳಿಗೆಯನ್ನೂ ಹಾರಿಸಬೇಡಿ. ಅವರಿಂದ ಮುಚ್ಚಿಟ್ಟ ಆ ಎರಡು ದಿನಗಳನ್ನು ಅವರಿಗೆ ಮರಳಿ ಕೊಡಲು ನಿಮಗಿರುವ ದಾರಿ ಇದೊಂದೇ.

ಸೂತಕದ ವಿಷಯಕ್ಕೆ ಅವರು ಸುಮ್ಮನೆ ಕೊರಗುತ್ತಿದ್ದಾರೆ, ಇದನ್ನು ಬೇಗ ಬಗೆಹರಿಸಿ. ದೂರದೇಶದಲ್ಲಿದ್ದವರಿಗೆ ಸುದ್ದಿ ಕಿವಿಗೆ ಬಿದ್ದಮೇಲೆ ಆಶೌಚ ಎಂದು ಶಾಸ್ತ್ರವೇ ಹೇಳುತ್ತದೆ. ತಿಳಿಯದವರಿಗೆ ಬಾಧಕವಿಲ್ಲ. ಕಾಳಿಯ ಮುಂದೆ ಅವರು ಹಚ್ಚಿದ ದೀಪಕ್ಕೆ ಯಾವ ದೋಷವೂ ತಟ್ಟಿಲ್ಲ. ಇದನ್ನು ನೀವು ಹೇಳಿದರೆ ಈಗ ಅವರು ನಂಬುವುದಿಲ್ಲ, ನಾನು ಬರೆದದ್ದನ್ನು ಓದಿ ಹೇಳಿದರೂ ಅಷ್ಟೇ. ನಿಮ್ಮ ಮನೆಯ ಪುರೋಹಿತ ಭಟ್ಟರನ್ನು ಕರೆದು ಅವರ ಬಾಯಿಂದಲೇ ಹೇಳಿಸಿ. ಗೊತ್ತಿದ್ದೂ ಗುಡಿಯೊಳಗೆ ಹೋದ ನಿಮ್ಮಿಬ್ಬರ ಪ್ರಶ್ನೆಯನ್ನೂ ಆಗಲೇ ಕೇಳಿಕೊಳ್ಳಿ. ಅತ್ತೆಯ ಎದುರಿಗೇ ಕೇಳಿ.

ಬಾಮ್ ಡಬ್ಬಿ ಮುಟ್ಟಬೇಡಿ. ಅದು ಅವರು ತಮ್ಮನಿಗೆ ತಂದದ್ದು, ಏನು ಮಾಡಬೇಕೆಂಬುದು ಅವರಿಗೆ ಬಿಟ್ಟದ್ದು. ಫೋಟೋಗಳನ್ನೂ ಅಳಿಸಬೇಡಿ. ಬಾತು ಗುಹೆಯ ಮೆಟ್ಟಿಲು ಹತ್ತಿ ನಿಂತ ದಿನ ಅವರ ತಮ್ಮ ಬದುಕಿದ್ದ, ಆ ಸಂತೋಷ ಪೂರ್ತಿ ನಿಜ. ಗುರುವಾರಕ್ಕಿಂತ ಮೊದಲಿನ ಫೋಟೋಗಳನ್ನು ಬೇರೆ ಇಟ್ಟಿರಿ. ಕೇಳಿದ ದಿನ ಕೊಡಿ, ಕೇಳದಿದ್ದರೆ ಇರಲಿ.

ಸ್ಟೇಟಸ್ ಹಾಕಿದ ಹುಡುಗನ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ನನಗೆ ಅವನದೇ ಚಿಂತೆ. ಅವನಿಗೂ ಸುದ್ದಿ ಹೇಳಿರಲಿಲ್ಲ ಎಂದುಕೊಳ್ಳುತ್ತೇನೆ. ಹಾಗಿದ್ದರೆ ಅಜ್ಜಿಯ ಹಾಗೆ ಅವನೂ ಮೋಸಹೋದವನೇ. ಅವನ ತಪ್ಪಿಲ್ಲ ಎಂದು ನೀವಿಬ್ಬರೂ ಅವನಿಗೆ ಬಾಯಿಬಿಟ್ಟು ಹೇಳಿ. ಆಡಿಕೊಂಡ ನೆಂಟರಿಗೂ ನಿಮ್ಮವರು ಒಂದು ಫೋನ್ ಮಾಡಿ, ಅಮ್ಮನಿಗೂ ಮಗುವಿಗೂ ಗೊತ್ತಿರಲಿಲ್ಲ, ಮುಚ್ಚಿಟ್ಟದ್ದು ನಾನು ಎಂದು ಹೇಳಬೇಕು. ತಮ್ಮ ಸತ್ತ ದಿನ ಅಕ್ಕ ಕೇಬಲ್ ಕಾರಿನಲ್ಲಿ ಕೂತು ನಗುತ್ತಿದ್ದಳು ಎಂಬ ಮಾತು ಅಂಕೋಲೆಯಿಂದ ಶಿರಸಿವರೆಗೆ ಹಬ್ಬಿದ್ದರೆ, ಅದನ್ನು ನಿಲ್ಲಿಸುವ ಹೊಣೆ ಅವರದೇ. ಇದನ್ನು ಈ ವಾರವೇ ಮಾಡಲಿ, ಕ್ಷಮೆ ಕೇಳುವುದಕ್ಕಿಂತ ಮೊದಲೇ ಮಾಡಿದರೂ ಸರಿ.

ಈ ರಜೆಗೆ ಮನೆಯ ಹಿರಿಯರನ್ನು ಪರದೇಶಕ್ಕೆ ಕರೆದೊಯ್ಯುವ ಬೇರೆ ಓದುಗರಿಗೂ ಒಂದು ಮಾತು. ಹೊರಡುವ ಮೊದಲೇ ಅವರನ್ನು ಕೇಳಿಬಿಡಿ: ಊರಲ್ಲಿ ಏನಾದರೂ ಆದರೆ ಅಲ್ಲಿಯೇ ಹೇಳಲೇ, ಬಂದಮೇಲೆ ಹೇಳಲೇ? ಹೀಗೆ ಕೇಳುವುದು ಅಪಶಕುನ ಎಂದು ಹಿಂಜರಿಯಬೇಡಿ. ಟೂರಿನ ವಿಮೆಯಲ್ಲಿ ಹತ್ತಿರದವರ ಸಾವಿಗೆ ಪ್ರವಾಸ ಅರ್ಧಕ್ಕೆ ನಿಲ್ಲಿಸಿ ಬಂದರೆ ಹಣ ಸಿಗುತ್ತದೆಯೇ, ಒಡಹುಟ್ಟಿದವರು ಆ ಪಟ್ಟಿಯಲ್ಲಿದ್ದಾರೆಯೇ ಎಂಬುದನ್ನೂ ಓದಿಕೊಳ್ಳಿ, ಪಾಲಿಸಿಯಿಂದ ಪಾಲಿಸಿಗೆ ಅದು ಬೇರೆ ಬೇರೆ.

ಮತ್ತೆ ನಿಮ್ಮ ಮನೆಗೆ ಬರುತ್ತೇನೆ. ತವರಿನಲ್ಲಿ ಮುಂದಿನ ಮಾಸಿಕ ಶ್ರಾದ್ಧ ಯಾವ ತಿಥಿಗೆ ಎಂದು ಕೇಳಿ ತಿಳಿದುಕೊಳ್ಳಿ. ಮಳೆಗಾಲ, ಘಟ್ಟದ ರಸ್ತೆ ಸರಿ ಇಲ್ಲ ಎಂದು ತಪ್ಪಿಸಬೇಡಿ. ಹಿಂದಿನ ದಿನವೇ ನಿಧಾನಕ್ಕೆ ಹೊರಟರಾಯಿತು. ಕರೆದೊಯ್ಯುವವರು ಮಗನೇ ಆಗಲಿ. ಗೋಕರ್ಣ ಅಲ್ಲಿಂದ ಹತ್ತಿರ, ತಮ್ಮನ ಹೆಸರಲ್ಲಿ ಕೋಟಿತೀರ್ಥಕ್ಕೂ ಸಮುದ್ರಕ್ಕೂ ಹೋಗಿ ಬರುವ ಮನಸ್ಸು ಅವರಿಗಿದ್ದರೆ ಅದೂ ಆಗಲಿ. ನೀವೂ ಬರಬೇಕೇ ಎಂಬುದನ್ನು ಅವರೇ ಹೇಳಲಿ. ಬೇಡ ಎಂದರೆ ಈ ಸಲಕ್ಕೆ ಮನೆಯಲ್ಲೇ ಇರಿ, ದಾರಿಗೆ ಬೇಕಾದ ಮಾತ್ರೆಗಳನ್ನು ಎಣಿಸಿ ಚೀಲಕ್ಕೆ ಹಾಕಿಕೊಡಿ. ಕಷಾಯವನ್ನು ದಿನಾ ಮಾಡಿಡಿ, ಕುಡಿಯಿರಿ ಎಂದು ಒತ್ತಾಯಿಸಬೇಡಿ.