‘ಬೇಗ ಮುಗಿದುಹೋಗಲಿ’ ಅನ್ನಿಸುತ್ತದೆ, ನಾನು ಕಲ್ಲುಮನಸ್ಸಿನವಳೇ?

ಪ್ರಶ್ನೆ: ನನಗೆ 38 ವರ್ಷ. ನಮ್ಮ ನಾಯಿ ಕರಿಯನಿಗೆ 11. ಮದುವೆಯಾದ ಮರುವರ್ಷ ಪುಟ್ಟ ಮರಿಯಾಗಿ ಬಂದವನು, ಮಗಳು ಹುಟ್ಟುವ ಮೊದಲಿನಿಂದಲೂ ನನ್ನ ಹಿಂದೆ ಮುಂದೆ ಸುತ್ತಿದವನು. ಎರಡು ತಿಂಗಳ ಹಿಂದೆ ಊಟ ಬಿಟ್ಟ, ವಾಂತಿ ಶುರುವಾಯಿತು. ರಕ್ತ ಪರೀಕ್ಷೆ ಮಾಡಿಸಿದಾಗ ಎರಡೂ ಕಿಡ್ನಿ ಕೆಟ್ಟಿವೆ, ವಾಸಿಯಾಗುವ ಕಾಯಿಲೆಯಲ್ಲ, ಇರುವಷ್ಟು ದಿನ ಚೆನ್ನಾಗಿ ನೋಡಿಕೊಳ್ಳಿ ಎಂದರು ಡಾಕ್ಟರ್. ಈಗ ದಿನ ಬಿಟ್ಟು ದಿನ ಚರ್ಮದಡಿಗೆ ಡ್ರಿಪ್ ನಾನೇ ಹಾಕುತ್ತೇನೆ. ಸೂಜಿ ಕಂಡರೆ ಮಂಚದಡಿ ಸೇರಿಕೊಳ್ಳುತ್ತಾನೆ. ಊಟ ಇಟ್ಟರೆ ಮೂಸಿ ಮುಖ ತಿರುಗಿಸುತ್ತಾನೆ, ನನ್ನ ಮೇಲೆ ಮುನಿಸಿಕೊಂಡಿದ್ದಾನೆ ಅನ್ನಿಸುತ್ತದೆ. ರಾತ್ರಿ ಎದ್ದೆದ್ದು ಉಸಿರಾಡುತ್ತಿದ್ದಾನಾ ಎಂದು ನೋಡುತ್ತೇನೆ. ಆಫೀಸಿನಲ್ಲಿ ಬಾತ್‌ರೂಮಿಗೆ ಹೋಗಿ ಅತ್ತು ಬರುತ್ತೇನೆ. ಮೊದಲೇ ನೀರು ಜಾಸ್ತಿ ಕುಡಿಯುತ್ತಿದ್ದ, ಬೇಸಿಗೆಯಲ್ಲವಾ ಎಂದುಕೊಂಡು ಸುಮ್ಮನಿದ್ದೆ. ಗಂಡ “ಇನ್ನೂ ಯಾಕೆ ಅದಕ್ಕೆ ಹಿಂಸೆ, ದಯಾಮರಣ ಕೊಡಿಸೋಣ” ಎನ್ನುತ್ತಾರೆ. ಅತ್ತೆ “ನಾಯಿಗೆ ಇಷ್ಟು ಅಳ್ತಾರೇನಮ್ಮ” ಎನ್ನುತ್ತಾರೆ. ಒಂಬತ್ತು ವರ್ಷದ ಮಗಳು ಕರಿಯ ಯಾವಾಗ ಸರಿಹೋಗ್ತಾನೆ ಎಂದು ದಿನಾ ಕೇಳುತ್ತಾಳೆ. ಯಾರಿಗೂ ಹೇಳದ ಒಂದು ಮಾತಿದೆ. ಒಮ್ಮೊಮ್ಮೆ ಇದೆಲ್ಲ ಬೇಗ ಮುಗಿದುಹೋಗಲಿ ಅನ್ನಿಸುತ್ತದೆ. ಆಮೇಲೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಉತ್ತರ: ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಮೇಲಿನದನ್ನೆಲ್ಲ ಬರೆದದ್ದು ಅದೊಂದನ್ನು ಹೇಳಿಕೊಳ್ಳುವ ಧೈರ್ಯ ಕೂಡಿಸಿಕೊಳ್ಳಲಿಕ್ಕೆ ಇರಬೇಕು ಅನ್ನಿಸಿತು.

ಎರಡು ತಿಂಗಳಿಂದ ನೀವು ಒಂದು ರಾತ್ರಿಯೂ ನೆಟ್ಟಗೆ ನಿದ್ದೆ ಮಾಡಿಲ್ಲ. ಹಗಲು ಆಫೀಸು, ಸಂಜೆ ಸೂಜಿ, ನಡುವೆ ಮನೆಯವರೆಲ್ಲರ ಮಾತು. ಇಷ್ಟು ದಣಿದವರ ತಲೆಯೊಳಗೆ ‘ಸಾಕಪ್ಪಾ’ ಎಂಬ ದನಿ ಏಳದಿದ್ದರೆ ಆಶ್ಚರ್ಯ. ಮುಗಿಯಲಿ ಎಂದು ನೀವು ಬೇಡುತ್ತಿರುವುದು ಈ ಕಾಯುವಿಕೆಯನ್ನು, ಈ ಭಯವನ್ನು, ಅವನ ಸಂಕಟವನ್ನು. ಕರಿಯನನ್ನಲ್ಲ. ನಾಳೆ ಬೆಳಿಗ್ಗೆ ಅವನು ಎದ್ದು ಬಾಲ ಅಲ್ಲಾಡಿಸುತ್ತಾ ಬಂದು ತಟ್ಟೆ ಖಾಲಿ ಮಾಡಿದರೆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕುಣಿದಾಡುವವರು ಯಾರು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಹಾಸಿಗೆ ಹಿಡಿದ ತಾಯಿ ತಂದೆಯನ್ನು ವರ್ಷಗಟ್ಟಲೆ ನೋಡಿಕೊಂಡವರಿಗೂ ಇದೇ ಯೋಚನೆ ಬಂದಿರುತ್ತದೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ.

ಇದು ನಿಮ್ಮೊಬ್ಬರ ದೌರ್ಬಲ್ಯವೂ ಅಲ್ಲ. ಅಮೆರಿಕದ ಮನಃಶಾಸ್ತ್ರಜ್ಞೆ ಮೇರಿ ಬೆತ್ ಸ್ಪಿಟ್ಸ್‌ನೇಗಲ್ ಮತ್ತು ಸಂಗಡಿಗರು ದೀರ್ಘ ಕಾಯಿಲೆಯ ಸಾಕುಪ್ರಾಣಿಗಳನ್ನು ಆರೈಕೆ ಮಾಡುವವರನ್ನೂ ಆರೋಗ್ಯವಾಗಿರುವ ಪ್ರಾಣಿಗಳನ್ನು ಸಾಕಿದವರನ್ನೂ ಹೋಲಿಸಿ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒತ್ತಡ, ಆತಂಕ, ಖಿನ್ನತೆಯ ಲಕ್ಷಣಗಳು ಆರೈಕೆ ಮಾಡುವವರಲ್ಲೇ ಹೆಚ್ಚಾಗಿದ್ದವು. ಹಾಗಾಗಿ ನಿಮ್ಮ ನಿದ್ದೆಯನ್ನೂ ಕರಿಯನ ಚಿಕಿತ್ಸೆಯ ಒಂದು ಭಾಗ ಎಂದೇ ಎಣಿಸಿ. ವಾರದಲ್ಲಿ ಮೂರು ನಾಲ್ಕು ರಾತ್ರಿ ಅವನ ಹತ್ತಿರ ಮಲಗುವ ಜವಾಬ್ದಾರಿ ನಿಮ್ಮ ಗಂಡ ತೆಗೆದುಕೊಳ್ಳಲಿ. ನೀವು ಇನ್ನೊಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿ. “ನನಗೆ ನಿದ್ದೆ ಬರಲ್ಲ” ಎನ್ನುತ್ತೀರಿ, ಗೊತ್ತು. ಆದರೂ ಮಲಗಿ. ವಾರಗಟ್ಟಲೆ ನಿದ್ದೆಯೂ ಊಟವೂ ಸೇರದೆ ಹೋದರೆ, ಬದುಕೇ ಬೇಡ ಎಂಬಂಥ ಯೋಚನೆ ಒಮ್ಮೆ ಸುಳಿದರೂ, ತಡಮಾಡದೆ ಮಾನಸಿಕ ತಜ್ಞರನ್ನು ಕಾಣಿ. ನಾಯಿಯ ಕಾರಣಕ್ಕೆ ಬಂದೆ ಎಂದು ಹೇಳಲು ನಾಚಿಕೆ ಬೇಡ.

ಇನ್ನು ನೀರಿನ ವಿಷಯ. ನೀವು ಪತ್ರದಲ್ಲಿ ಒಂದೇ ಸಾಲು ಬರೆದಿದ್ದೀರಿ, ಆದರೆ ಒಳಗೆ ಇದೇ ಹೆಚ್ಚು ಕೊರೆಯುತ್ತಿದೆ ಎಂದು ನನ್ನ ಊಹೆ. ಕಿಡ್ನಿ ಬಹಳ ಸಹಿಸಿಕೊಳ್ಳುವ ಅಂಗ. ಸುಮಾರು ಮೂರನೇ ಎರಡು ಭಾಗದಷ್ಟು ಶಕ್ತಿ ಕಳೆದುಕೊಳ್ಳುವವರೆಗೂ ಅದು ಹೊರಗೆ ಏನನ್ನೂ ತೋರಗೊಡುವುದಿಲ್ಲ. ಆಮೇಲಷ್ಟೇ ನಾಯಿ ಹೆಚ್ಚು ನೀರು ಕುಡಿಯುವುದು, ಹೆಚ್ಚು ಉಚ್ಚೆ ಹೊಯ್ಯುವುದು. ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಒಂದು ಕಲ್ಮಷ) ಏರಿದ್ದು ಕಾಣಬೇಕಾದರೆ ಸಾಮಾನ್ಯವಾಗಿ ಮುಕ್ಕಾಲು ಪಾಲು ಹೋಗಿರುತ್ತದೆ. ಅಂದರೆ ಅವನು ಬಟ್ಟಲು ಬಟ್ಟಲು ನೀರು ಕುಡಿಯುತ್ತಿದ್ದ ಆ ದಿನವೇ ನೀವು ಓಡಿಹೋಗಿದ್ದರೂ ಕಾಯಿಲೆ ಅಷ್ಟರಲ್ಲೇ ಬೇರೂರಿತ್ತು. ಪಥ್ಯವನ್ನು ಸ್ವಲ್ಪ ಮೊದಲು ಶುರು ಮಾಡಬಹುದಿತ್ತು, ಅದರಿಂದ ಒಂದಿಷ್ಟು ಸಮಯ ಸಿಗುತ್ತಿತ್ತೇನೋ. ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಆದರೆ ವಾಸಿ ಮಾಡಲು ಆಗುತ್ತಿರಲಿಲ್ಲ. ಬೇಸಿಗೆಯಲ್ಲಿ ನಾಯಿ ನೀರು ಕುಡಿದದ್ದನ್ನು ಬೇಸಿಗೆಯ ಲೆಕ್ಕಕ್ಕೆ ಹಾಕಿದ್ದು ಯಾವ ನ್ಯಾಯದಲ್ಲೂ ಅಪರಾಧವಲ್ಲ.

ಊಟಕ್ಕೆ ಮುಖ ತಿರುಗಿಸುವುದನ್ನು ಮುನಿಸು ಎಂದುಕೊಂಡಿದ್ದೀರಿ. ಅದು ಹೊಟ್ಟೆ ತೊಳಸು. ಕಿಡ್ನಿ ಸೋಸಬೇಕಾದ ಕಲ್ಮಷ ರಕ್ತದಲ್ಲಿ ಉಳಿದಾಗ ವಾಕರಿಕೆ ಬರುತ್ತದೆ, ಕೆಲವೊಮ್ಮೆ ಬಾಯಿಯಲ್ಲಿ ಹುಣ್ಣೂ ಏಳುತ್ತದೆ. ತಟ್ಟೆಯ ಹತ್ತಿರ ಬರುವುದು, ಮೂಸುವುದು, ತುಟಿ ನೆಕ್ಕಿಕೊಂಡು ದೂರ ಹೋಗುವುದು ಇದರದ್ದೇ ಗುರುತು. ವಾಕರಿಕೆ ತಡೆಯುವ ಔಷಧಿ ಇದೆ, ಹಸಿವು ಹುಟ್ಟಿಸುವ ಔಷಧಿಯೂ ಇದೆ. ಈಗಾಗಲೇ ಕೊಡುತ್ತಿಲ್ಲವಾದರೆ ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ಬಾಯಿಗೆ ತುರುಕಬೇಡಿ. ಅವನು ಇಷ್ಟಪಡುವ ಊಟದೊಳಗೆ ಕಹಿ ಮಾತ್ರೆ ಬಚ್ಚಿಡಬೇಡಿ, ಆ ಊಟವನ್ನೂ ಬಿಟ್ಟುಬಿಡುತ್ತಾನೆ. ನೋವು ನೋಡಲಾಗದೆ ಮನೆಯಲ್ಲಿರುವ ಮನುಷ್ಯರ ನೋವಿನ ಮಾತ್ರೆ ಕೊಡುವವರಿದ್ದಾರೆ. ಐಬುಪ್ರೊಫೆನ್‌ನಂಥದ್ದು ಕಿಡ್ನಿಯನ್ನು ಇನ್ನಷ್ಟು ಹಾಳು ಮಾಡುತ್ತದೆ, ಪ್ಯಾರಾಸಿಟಮಾಲ್ ಕೂಡ ನಾಯಿಗೆ ವಿಷವಾಗಬಹುದು. ಆ ಕೆಲಸ ಮಾತ್ರ ಬೇಡ.

ಡ್ರಿಪ್ ಹಾಕುವವರು ನೀವೇ, ಅವನನ್ನು ಮುದ್ದು ಮಾಡುವವರೂ ನೀವೇ. ಇವೆರಡೂ ಒಂದೇ ಕೈಯಲ್ಲಿರುವುದು ನಿಮ್ಮಿಬ್ಬರಿಗೂ ಕಷ್ಟ. ಸಾಧ್ಯವಾದರೆ ಸೂಜಿ ಗಂಡ ಹಿಡಿಯಲಿ, ನೀವು ತಲೆ ಸವರುತ್ತಾ ಕೂರಿ. ಡ್ರಿಪ್ ಬಾಟಲನ್ನು ಬೆಚ್ಚಗಿನ ನೀರಿನಲ್ಲಿಟ್ಟು ಮೈಯ ಬಿಸಿಗೆ ತಂದರೆ ಚಳಿಗೆ ನಡುಗುವುದು ತಪ್ಪುತ್ತದೆ. ಕೈಗೆ ಬಿಟ್ಟುಕೊಂಡು ನೋಡಿ, ಬಿಸಿ ಅನ್ನಿಸಬಾರದು. ಪ್ರತಿ ಸಲ ಹೊಸ ಸೂಜಿ ಬಳಸಿ. ಅವನು ಮಲಗುವ ಜಾಗದಲ್ಲಿ ಮಾತ್ರ ಯಾವತ್ತೂ ಚುಚ್ಚಬೇಡಿ. ಮನೆಯ ಬೇರೊಂದು ಮೂಲೆ ಅದಕ್ಕಿರಲಿ, ಮಂಚದಡಿ ಅವನಿಗೆ ನಿರ್ಭಯದ ಜಾಗವಾಗಿ ಉಳಿಯಲಿ.

ನೀವು ಬಳಲುತ್ತಿರುವುದು ಎರಡು ಸಂಗತಿಗಳಿಂದ. ಒಂದು, ಇವತ್ತಿನ ಕರಿಯ. ಇನ್ನೊಂದು, ಅವನಿಲ್ಲದ ಮನೆ. ಎರಡನೆಯದು ಇನ್ನೂ ಬಂದಿಲ್ಲ, ಆದರೆ ನೀವು ಆಗಲೇ ಅಲ್ಲಿಗೆ ಹೋಗಿ ಕೂತಿದ್ದೀರಿ. ಹೋಗಬೇಡಿ ಎಂದರೆ ಮನಸ್ಸು ಕೇಳುವುದಿಲ್ಲ. ಸಾವಿಗೆ ಮೊದಲೇ ಶೋಕ ಶುರುವಾಗುವುದು ಮನುಷ್ಯ ಸಹಜ. ಆದರೆ ಕರಿಯನಿಗೆ ತನ್ನ ರಕ್ತ ಪರೀಕ್ಷೆಯ ವರದಿ ಗೊತ್ತಿಲ್ಲ. ತನಗೆಷ್ಟು ದಿನ ಉಳಿದಿದೆ ಎಂಬ ಲೆಕ್ಕ ಅವನ ಹತ್ತಿರ ಇಲ್ಲ. ಹೊಟ್ಟೆ ತೊಳಸದ ಒಂದು ಬೆಳಿಗ್ಗೆ, ಬಾಗಿಲ ಬಳಿ ಬಿಸಿಲು, ನಿಮ್ಮ ಕಾಲ ಸಪ್ಪಳ, ಅಷ್ಟಿದ್ದರೆ ಆ ದಿನ ಅವನಿಗೆ ಪೂರ್ತಿ ಒಳ್ಳೆಯ ದಿನ. ದಿನಕ್ಕೆ ಅರ್ಧ ಗಂಟೆ ಔಷಧಿ, ತಟ್ಟೆ, ಸೂಜಿ ಯಾವುದೂ ಇಲ್ಲದೆ, ಫೋನ್ ಬೇರೆ ಕೋಣೆಯಲ್ಲಿಟ್ಟು ಅವನ ಪಕ್ಕ ನೆಲದ ಮೇಲೆ ಕೂರಿ. ಅಳು ಬಂದರೆ ಅಳಿ. ನಿಮ್ಮ ಅಳು ಅವನಿಗೆ ಹೊಸದಲ್ಲ, ಹನ್ನೊಂದು ವರ್ಷ ನೋಡಿದ್ದಾನೆ. ಈಚೆಗೆ ಕಾಯಿಲೆಯ ನಾಯಿಗೆ ‘ಕೊನೆಯ ಆಸೆ’ಗಳ ಪಟ್ಟಿ ಮಾಡಿ, ಟೋಪಿ ಹಾಕಿಸಿ, ಕೇಕ್ ಮುಂದೆ ಕೂರಿಸಿ ಫೋಟೊ ತೆಗೆಯುವುದು ನಡೆದಿದೆ. ನನಗೆ ಅದು ಹಿಡಿಸದು. ಆ ಆಸೆಗಳು ನಮ್ಮವು. ಮುದಿ ನಾಯಿಗೆ ಬೇಕಾಗಿರುವುದು ಅದೇ ಹೊತ್ತು, ಅದೇ ಜಾಗ, ಅದೇ ಜನ.

ದಯಾಮರಣದ ಮಾತಿಗೆ ಬರೋಣ. ನಿಮ್ಮ ಗಂಡ ಕಲ್ಲುಹೃದಯದವರೆಂದು ನನಗೆ ಅನ್ನಿಸುವುದಿಲ್ಲ. ಕೆಲವರು ಸಂಕಟವನ್ನು ಹತ್ತಿರ ಕೂತು ನೋಡುತ್ತಾರೆ, ಕೆಲವರಿಗೆ ಅದು ಕಣ್ಣೆದುರಿನಿಂದ ಬೇಗ ಸರಿದರೆ ಸಾಕು. ಇಬ್ಬರೂ ಅದೇ ನಾಯಿಗಾಗಿ ನೊಂದವರೇ. ವಾದ ನಿಲ್ಲಿಸಿ, ಇಬ್ಬರೂ ಒಂದೊಂದು ಹಾಳೆ ತೆಗೆದುಕೊಳ್ಳಿ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ ಕೊನೆಗಾಲದ ಪ್ರಾಣಿಗಳಿಗಾಗಿ ರೂಪಿಸಿದ ಒಂದು ಅಳತೆ ಇದೆ. ನೋವು ಹತೋಟಿಯಲ್ಲಿದೆಯೇ, ಹಸಿವಿದೆಯೇ, ಮೈಯಲ್ಲಿ ನೀರಿನಂಶವಿದೆಯೇ, ಶುಚಿಯಾಗಿದ್ದಾನೆಯೇ, ಖುಷಿಯಾಗಿದ್ದಾನೆಯೇ, ಓಡಾಡುತ್ತಾನೆಯೇ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನ ಹೆಚ್ಚಿವೆಯೇ ಎಂಬ ಏಳು ಅಂಶಗಳಿಗೂ ಸೊನ್ನೆಯಿಂದ 10ರವರೆಗೆ ಅಂಕ. 70ಕ್ಕೆ 35 ದಾಟಿದರೆ ಆರೈಕೆ ಮುಂದುವರಿಸಬಹುದು ಎಂದು ಅವರ ಸೂಚನೆ. ವಾರಕ್ಕೊಮ್ಮೆ ನೀವಿಬ್ಬರೂ ಒಬ್ಬರದನ್ನೊಬ್ಬರು ನೋಡದೆ ತುಂಬಿ, ಆಮೇಲೆ ಪಕ್ಕಪಕ್ಕ ಇಡಿ. ನನ್ನ ದೃಷ್ಟಿಯಲ್ಲಿ ಒಟ್ಟು ಅಂಕಕ್ಕಿಂತ ಎಲ್ಲಿ ನಿಮ್ಮಿಬ್ಬರ ಅಂಕ ಬೇರೆಯಾಗುತ್ತದೋ ಅಲ್ಲೇ ಮಾತಾಡಬೇಕಾದ ವಿಷಯವಿದೆ. ಇದರ ಜೊತೆಗೆ ಕರಿಯನಿಗೆ ಪ್ರಾಣಕ್ಕಿಂತ ಪ್ರಿಯವಾದ ನಾಲ್ಕೈದು ಸಂಗತಿ ಈಗಲೇ ಬರೆದಿಡಿ: ಮಗಳು ಶಾಲೆಯಿಂದ ಬಂದಾಗ ಗೇಟಿಗೆ ಹೋಗುವುದು, ಚೆಂಡು, ಯಾವುದೋ ಆಗಲಿ. ಅವನು ಒಂದೊಂದನ್ನೇ ಬಿಡುತ್ತಾ ಬಂದಂತೆ ನಿಮಗೆ ಗೊತ್ತಾಗುತ್ತದೆ. ಆ ಹೊತ್ತಿನ ಕಣ್ಣೀರಿನಲ್ಲಿ ಲೆಕ್ಕ ಹಾಕಲು ಆಗುವುದಿಲ್ಲ, ಅದಕ್ಕೇ ಈಗ.

ಒಂದು ಕಹಿ ಸತ್ಯ. ‘ತಾನಾಗಿಯೇ ನಿದ್ದೆಯಲ್ಲಿ ಹೋಗಲಿ’ ಎಂದು ಎಲ್ಲರೂ ಬಯಸುತ್ತಾರೆ. ಕಿಡ್ನಿ ಕಾಯಿಲೆಯಲ್ಲಿ ಹಾಗಾಗುವುದು ಅಪರೂಪ. ಕೊನೆಯ ದಿನಗಳಲ್ಲಿ ಬಿಡದ ವಾಂತಿ, ಬಾಯಿಹುಣ್ಣು, ಕೆಲವೊಮ್ಮೆ ಫಿಟ್ಸ್ ಬರಬಹುದು. ದಯಾಮರಣದಲ್ಲಿ ಸಾಮಾನ್ಯವಾಗಿ ಮೊದಲು ಮಂಪರು ಬರಿಸುವ ಇಂಜೆಕ್ಷನ್, ನಂತರ ಹೆಚ್ಚಿನ ಪ್ರಮಾಣದ ಅರಿವಳಿಕೆ. ಮೊದಲು ಪ್ರಜ್ಞೆ ಹೋಗುತ್ತದೆ, ಕೆಲವೇ ನಿಮಿಷಗಳಲ್ಲಿ ಹೃದಯ ನಿಲ್ಲುತ್ತದೆ. ಕಣ್ಣು ತೆರೆದೇ ಇರಬಹುದು, ಜೀವ ಹೋದ ಮೇಲೂ ಒಮ್ಮೆ ಉಸಿರೆಳೆದಂತೆ ಮೈ ಅದುರಬಹುದು, ಉಚ್ಚೆ ಹೋಗಬಹುದು. ಅದು ನೋವಲ್ಲ. ಮೊದಲೇ ಗೊತ್ತಿಲ್ಲದವರು ಆ ನೋಟವನ್ನು ವರ್ಷಗಟ್ಟಲೆ ಹೊತ್ತು ತಿರುಗುತ್ತಾರೆ, ಅದಕ್ಕೇ ಬರೆದೆ. ನಿಮ್ಮ ನಂಬಿಕೆ ಇದಕ್ಕೆ ಒಪ್ಪದಿದ್ದರೆ ಕೊನೆಯವರೆಗೆ ನೋವು, ವಾಕರಿಕೆ ತಗ್ಗಿಸುವ ಆರೈಕೆ ಹೇಗೆ ಎಂದು ಡಾಕ್ಟರನ್ನು ಸ್ಪಷ್ಟವಾಗಿ ಕೇಳಿ. ಏನೂ ಮಾಡದೆ ಬಿಡುವುದೊಂದು ಆಯ್ಕೆಯಲ್ಲ. ಯಾವ ದಾರಿ ಹಿಡಿದರೂ ಆಮೇಲೆ ‘ಬೇಗ ಮಾಡಿಬಿಟ್ಟೆವಾ’, ‘ತಡವಾಯಿತಾ’ ಎಂಬ ಎರಡು ಪ್ರಶ್ನೆಗಳಲ್ಲಿ ಒಂದು ಕಾಡಿಯೇ ಕಾಡುತ್ತದೆ. ಸರಿಯಾಗಿ ಮಾಡಿದವರನ್ನೂ ಅದು ಬಿಡುವುದಿಲ್ಲ.

ಮಗಳಿಗೆ ಸತ್ಯ ಹೇಳಿ, ಈ ವಾರವೇ. ಒಂಬತ್ತು ವರ್ಷದ ಮಗುವಿಗೆ ಸತ್ತವರು ಮರಳಿ ಬರುವುದಿಲ್ಲ ಎಂಬುದು ಅರ್ಥವಾಗುತ್ತದೆ. “ಕರಿಯನ ಕಿಡ್ನಿ ಕೆಟ್ಟಿದೆ, ಸರಿಹೋಗುವುದಿಲ್ಲ, ಅವನು ಸಾಯುತ್ತಾನೆ. ಯಾವಾಗ ಅಂತ ನಮಗೂ ಗೊತ್ತಿಲ್ಲ. ಅಲ್ಲಿವರೆಗೆ ನೋವಾಗದ ಹಾಗೆ ನೋಡಿಕೊಳ್ಳುತ್ತೇವೆ” ಎಂದರೆ ಸಾಕು. ನಿದ್ದೆ ಮಾಡಿಸಿದರು, ದೂರ ಹೋದ ಎಂಬ ಮಾತು ಬೇಡ. ಮಕ್ಕಳು ನಿದ್ದೆಗೇ ಹೆದರಿಕೊಳ್ಳುತ್ತಾರೆ, ಇಲ್ಲವೇ ಬಾಗಿಲು ಕಾಯುತ್ತಾರೆ. ಅವಳು ಏನೋ ತಪ್ಪು ಮಾಡಿದ್ದರಿಂದ ಹೀಗಾಯಿತೆಂದು ಒಳಗೊಳಗೇ ನಂಬಿರಬಹುದು. ಕೇಳಿ ನೋಡಿ. ನೀರಿನ ಬಟ್ಟಲು ತುಂಬಿಸುವಂಥ ಒಂದು ಕೆಲಸ ಅವಳಿಗೆ ಕೊಡಿ.

ಅತ್ತೆಯವರ ಮಾತಿಗೆ ಹೆಚ್ಚು ಜಾಗ ಕೊಡುವುದಿಲ್ಲ. ಸಮಾಜ ಲೆಕ್ಕಕ್ಕೆ ತೆಗೆದುಕೊಳ್ಳದ ದುಃಖಗಳ ಬಗ್ಗೆ ಕೆನೆತ್ ಡೋಕಾ ಎಂಬ ವಿದ್ವಾಂಸರು 1989ರಲ್ಲೇ ಬರೆದರು. ಸಾಕುಪ್ರಾಣಿಗಾಗಿ ಪಡುವ ಶೋಕವೂ ಆ ಸಾಲಿಗೇ ಸೇರುತ್ತದೆ. ಹೇಳಿಕೊಳ್ಳಲು ಆಗದ ದುಃಖ ಹೆಚ್ಚು ದಿನ ಉಳಿಯುತ್ತದೆ. ಅತ್ತೆಯವರನ್ನು ಒಪ್ಪಿಸುವ ಗೋಜಿಗೆ ಹೋಗದೆ, ನಾಯಿ ಕಳೆದುಕೊಂಡ ಒಬ್ಬ ಗೆಳತಿಯನ್ನು ಹುಡುಕಿಕೊಳ್ಳಿ. ಹಾಗೆಯೇ ಯಾರಾದರೂ “ಇನ್ನೊಂದು ಮರಿ ತಂದುಬಿಡಿ” ಎಂದರೆ ಈಗ ಬೇಡ ಎಂದಷ್ಟೇ ಹೇಳಿ ಮಾತು ಬದಲಿಸಿ.

ಮುಂದಿನ ಸಲ ಡಾಕ್ಟರ ಬಳಿ ಹೋಗುವಾಗ ಗಂಡನನ್ನೂ ಕರೆದುಕೊಂಡು ಹೋಗಿ. ಪರಿಸ್ಥಿತಿ ಕೈಮೀರುತ್ತಿದೆ ಎಂದು ಯಾವ ಲಕ್ಷಣದಿಂದ ತಿಳಿಯಬೇಕು, ಮಧ್ಯರಾತ್ರಿ ಹದಗೆಟ್ಟರೆ ಯಾರಿಗೆ ಫೋನ್ ಮಾಡಬೇಕು, ಅಗತ್ಯ ಬಿದ್ದರೆ ಅವರು ಮನೆಗೆ ಬರುತ್ತಾರೆಯೇ, ಆಮೇಲೆ ದೇಹಕ್ಕೆ ಏನು ವ್ಯವಸ್ಥೆ ಎಂದು ಇಬ್ಬರೂ ಕೂತು ಕೇಳಿ. ಉತ್ತರಗಳನ್ನು ಬರೆದುಕೊಂಡು, ಫೋನ್ ನಂಬರ್ ಸಮೇತ ಫ್ರಿಜ್ ಬಾಗಿಲಿಗೆ ಅಂಟಿಸಿ.